ಡಿಗ್ರಿಯ ಓಪನ್ ಇಲೆಕ್ಟಿವ್: ಸೀಟ್ ಸಿಕ್ಕಿದ್ರೆ ಭಾರೀ ಲಾಯ್ಕ್, ಆದ್ರೆ ಸಿಗ್ಬೇಕಲ್ಲ ಮಾರಾಯ್ರೆ

ಪಿಯುಸಿ ಮುಗ್ಸಿ ಮಂಗಳೂರು ಉಡುಪಿಯ ಕಾಲೇಜುಗಳಿಗೆ ಅಡ್ಮಿಶನ್‌ಗೆ ಸುತ್ತುವವರೆಲ್ಲ ಕೇಳುದು ಫೀಸ್ ಎಷ್ಟು, ಪ್ಲೇಸ್‌ಮೆಂಟ್ ಉಂಟಾ, ಬಸ್ ಹತ್ರ ಸಿಗ್ತದಾ ಇಷ್ಟೇ. ಓಪನ್ ಇಲೆಕ್ಟಿವ್, ಅಂದ್ರೆ ನಮ್ಮ ಕೋರ್ಸಿನ ಹೊರಗಿಂದ ಆರಿಸುವ ಪೇಪರ್, ಯಾವುದೆಲ್ಲ ಉಂಟು ಅಂತ ಯಾರೂ ಕೇಳುದಿಲ್ಲ, ಆಫೀಸಿನವರೂ ಅವರಾಗಿ ಹೇಳುದಿಲ್ಲ. ನಾನು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಲ್ಲಿ ಮಂಗಳೂರಿನ ಒಂದು ಕಾಲೇಜಲ್ಲಿ ಬಿಕಾಂ ಮಾಡಿದವಳು, ಇಡೀ ಡಿಗ್ರಿಯಲ್ಲಿ ಈಗ್ಲೂ ಚೆನ್ನಾಗಿ ನೆನಪಿರುವ ಪೇಪರ್ ಯಾವುದು ಅಂತ ಕೇಳಿದ್ರೆ ಬಾಟನಿಯವರ ಓಪನ್ ಇಲೆಕ್ಟಿವ್ ಅಂತ್ಲೇ ಹೇಳ್ತೇನೆ, ಹಾಗಾಗಿ ಈ ರಿವ್ಯೂ ಅದರದ್ದೇ.

ಗೊತ್ತಿಲ್ಲದವರಿಗೆ ಮೊದ್ಲು ರೂಲ್ಸ್ ಹೇಳ್ತೇನೆ. 2021-22ರಲ್ಲಿ ಎನ್‌ಇಪಿ ಮೊದ್ಲು ಜಾರಿಗೆ ತಂದ ರಾಜ್ಯ ನಮ್ದೇ. ಆ ಸ್ಕೀಮಲ್ಲಿ ಮೊದಲ ನಾಲ್ಕು ಸೆಮಿಸ್ಟರಿಗೆ ಒಂದೊಂದು ಓಪನ್ ಇಲೆಕ್ಟಿವ್, 3 ಕ್ರೆಡಿಟ್, 60 ಮಾರ್ಕಿಗೆ ಎಕ್ಸಾಮ್, 40 ಇಂಟರ್ನಲ್ ಇತ್ತು. ಮುಖ್ಯ ಶರತ್ತು ಎಂತ ಅಂದ್ರೆ ನಿಮ್ಮ ಸ್ವಂತ ಸಬ್ಜೆಕ್ಟಿಂದ ತಗೊಳ್ಳುವ ಹಾಗಿರ್ಲಿಲ್ಲ, ಕಾಮರ್ಸಿನವರು ಸೈನ್ಸ್ ಅಥವಾ ಆರ್ಟ್ಸಿನ ಕಡೆ ಹೋಗ್ಬೇಕಿತ್ತು, ಅವರು ಈಚೆ ಬರ್ಬೇಕಿತ್ತು. ಇದ್ರ ಜೊತೆಗೆ ಎರಡು ಭಾಷೆ, ಪರಿಸರ, ಸಂವಿಧಾನ, ಡಿಜಿಟಲ್ ಫ್ಲೂಯೆನ್ಸಿ, ಯೋಗ, ಎನ್ನೆಸ್ಸೆಸ್ ಅಂತೆಲ್ಲ ಇತ್ತು, ಅವು ಎಲ್ರಿಗೂ ಒಂದೇ, ಅದರಲ್ಲಿ ಆರಿಸ್ಲಿಕ್ಕೆ ಜಾಸ್ತಿ ಎಂತದೂ ಇರ್ಲಿಲ್ಲ. ವಿದ್ಯಾರ್ಥಿಗೆ ನಿಜವಾಗಿ ನಂಗಿದು ಬೇಕು ಅಂತ ಕೈ ಎತ್ಲಿಕ್ಕೆ ಇದ್ದ ಜಾಗ ಓಪನ್ ಇಲೆಕ್ಟಿವ್ ಮಾತ್ರ.

ಈಗ ಬಾಟನಿ ಕ್ಲಾಸ್. ನಮ್ಮ ಮ್ಯಾಮ್ ಮೊದಲ ವಾರವೇ ಕೆಸುವಿನ ಎಲೆ ತಂದು ಟೇಬಲ್ ಮೇಲೆ ಇಟ್ಟು, ಪತ್ರೊಡೆ ತಿಂದವರು ಕೈ ಎತ್ತಿ ಅಂದ್ರು, ಎಲ್ರೂ ಎತ್ತಿದ್ರು. ಪತ್ರೊಡೆಗೆ ಹುಳಿ ಯಾಕೆ ಹಾಕ್ತಾರೆ ಅಂತ ಕೇಳಿದ್ರೆ ಎಲ್ರೂ ಸೈಲೆಂಟ್. ಆಮೇಲೆ ಅವರೇ ಹೇಳಿದ್ರು, ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರ್ತದೆ, ಗಂಟಲು ತುರಿಸುದು ಅದು ಚುಚ್ಚಿಯೇ, ಹುಳಿ ಹಾಕಿ ಚೆನ್ನಾಗಿ ಬೇಯಿಸಿದ್ರೆ ಆ ತುರಿಕೆ ಕಮ್ಮಿ ಆಗ್ತದೆ ಅಂತ. ಮತ್ತೆ ಮೈಕ್ರೋಸ್ಕೋಪಲ್ಲಿ ಆ ಸೂಜಿಗಳ ಕಟ್ಟು ತೋರ್ಸಿದ್ರು. ಡೆಬಿಟ್ ಕ್ರೆಡಿಟ್ ಬರ್ಕೊಂಡು ಬಂದ ನಾವು ಸಾಲಲ್ಲಿ ನಿಂತು ಒಬ್ಬೊಬ್ಬರೇ ನೋಡಿದ್ದು, ಬೆಲ್ ಆದ್ರೂ ಯಾರೂ ಹೊರಗೆ ಹೋಗ್ಲಿಲ್ಲ.

ಇಂಟರ್ನಲ್‌ಗೆ ಹರ್ಬೇರಿಯಂ ಮಾಡ್ಬೇಕಿತ್ತು, ಮನೆ ಸುತ್ತ ಸಿಗುವ ಗಿಡ, ತಿಮರೆ (ಒಂದೆಲಗ), ತುಂಬೆ, ನೆಲನೆಲ್ಲಿ ಎಲ್ಲ ತಂದು ಹಳೇ ಪೇಪರಿನೊಳಗೆ ಇಟ್ಟು ಮೇಲೆ ಭಾರ ಹಾಕಿ ಒಣಗಿಸುದು. ನಮ್ಮ ಊರಿನ ಮಳೆಗಾಲದಲ್ಲಿ ಅದು ಒಣಗ್ಬೇಕಲ್ಲ! ದಿನಾ ಪೇಪರ್ ಬದಲಿಸದಿದ್ರೆ ಬೂಸ್ಟು ಹಿಡಿತದೆ, ಬದಲಿಸಿದ ಪೇಪರನ್ನೂ ಮೊದ್ಲು ಒಲೆ ಹತ್ರ ಬೆಚ್ಚಗೆ ಮಾಡ್ಬೇಕು. ಅಜ್ಜಿಗೆ ಅಂತೂ ಭಾರೀ ಕುಶಿ, ಗಿಡದ ತುಳು ಹೆಸ್ರು ಅವರು ಹೇಳುದು, ಸೈಂಟಿಫಿಕ್ ಹೆಸ್ರು ನಾನು ಬರೆಯುದು. 40 ಇಂಟರ್ನಲ್ ಮಾರ್ಕನ್ನು ಹೀಗೆ ಕೆಲ್ಸ ಮಾಡ್ಸಿ ಕೊಟ್ರೆ ಎಷ್ಟು ಕಲಿಬಹುದು ಅಂತ ನಂಗೆ ಗೊತ್ತಾದ್ದು ಅಲ್ಲೇ. ಬೇರೆ ಸೆಮ್ಮಲ್ಲಿ ಸಿಕ್ಕಿದ ಇಲೆಕ್ಟಿವ್‌ಲಿ ಅದೇ 40 ಮಾರ್ಕಿಗೆ ಎರಡು ಟೆಸ್ಟ್, ಒಂದು ಅಸೈನ್‌ಮೆಂಟ್, ಅದೂ ನೆಟ್ಟಿಂದ ಇಳಿಸಿ ಸ್ಪೈರಲ್ ಬೈಂಡ್ ಮಾಡ್ಸಿ ಕೊಟ್ರೆ ಆಯ್ತು, ಯಾರೂ ಓದ್ಲಿಲ್ಲ.

ನನ್ನ ದೊಡ್ಡ ತಕರಾರು ಸೀಟ್ ಹಂಚುವ ರೀತಿಯದ್ದು. ಪಾಲಿಸಿಯಲ್ಲಿ ಆಯ್ಕೆ ವಿದ್ಯಾರ್ಥಿಯದ್ದು. ಕಾಲೇಜಲ್ಲಿ ಆಗುದು ಎಂತ ಅಂದ್ರೆ, ಯಾವ ಡಿಪಾರ್ಟ್‌ಮೆಂಟಲ್ಲಿ ಲೆಕ್ಚರರಿಗೆ ವರ್ಕ್‌ಲೋಡ್ ಕಮ್ಮಿ ಉಂಟೋ ಅದೇ ಇಲೆಕ್ಟಿವ್ ಓಪನ್ ಆಗ್ತದೆ. ರಾತ್ರಿ ವಾಟ್ಸಾಪ್ ಗ್ರೂಪಿಗೆ ಗೂಗಲ್ ಫಾರ್ಮ್ ಬರ್ತದೆ, ಮೊದ್ಲು ತುಂಬಿಸಿದವರಿಗೆ ಮೊದ್ಲು, ಅರ್ಧ ಗಂಟೆಯೊಳಗೆ ಜರ್ನಲಿಸಂ ಸೈಕಾಲಜಿ ಫುಲ್. ಘಟ್ಟದ ಬುಡದ ಊರಿಂದ ಬರುವ ನನ್ನ ಫ್ರೆಂಡಿಗೆ ಮನೇಲಿ ನೆಟ್‌ವರ್ಕೇ ಸಿಗುದಿಲ್ಲ, ಅವಳು ಬೆಳಿಗ್ಗೆ ಬಸ್ಸಲ್ಲಿ ಫಾರ್ಮ್ ತೆರೆಯುವಾಗ ಉಳಿದದ್ದು ಒಂದೇ ಇಲೆಕ್ಟಿವ್, ನಾಲ್ಕೂ ಸೆಮಿಸ್ಟರ್ ಅವಳಿಗೆ ಹೀಗೇ ಆಯ್ತು, ಇದು ಅನ್ಯಾಯ ಅಲ್ವಾ? ಮೂರು ಪ್ರಿಫರೆನ್ಸ್ ಬರೆಸಿ, ಕಳೆದ ಸಲ ಸಿಗದವರಿಗೆ ಈ ಸಲ ಮೊದ್ಲು ಕೊಡಿ ಅಂತ ನಾವು ಬರೆದು ಕೊಟ್ಟೆವು, ನೋಡುವ ಅಂದ್ರು, ಮತ್ತೆ ಎಂತದೂ ಆಗ್ಲಿಲ್ಲ.

ಮತ್ತೊಂದು ಟೈಮಿಂಗ್. ಎಲ್ಲ ಕೋರ್ಸಿನವರು ಒಟ್ಟಿಗೆ ಫ್ರೀ ಇರುದು ಕೊನೇ ಪೀರಿಯಡ್ ಮಾತ್ರ, ಹಾಗಾಗಿ ಇಲೆಕ್ಟಿವ್ ಅಲ್ಲಿಗೇ ಹೋಗ್ತದೆ, ದೂರದವರು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಸ್ಸಿಗೆ ಓಡ್ತಾರೆ. ಅಟೆಂಡೆನ್ಸ್ 75 ಪರ್ಸೆಂಟ್ ಇದಕ್ಕೂ ಬೇಕು, ನೆನಪಿಡಿ.

ಒಂದು ವಿಷಯ ನಿಜಕ್ಕೂ ಒಳ್ಳೇದು, ಕ್ರೆಡಿಟೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಅನ್ನುವ ಆನ್‌ಲೈನ್ ಖಾತೆಯಲ್ಲಿ 7 ವರ್ಷದವರೆಗೆ ಇರ್ತದೆ. ಮದ್ವೆ, ಗಲ್ಫ್, ಅಪ್ಪನ ಅಂಗಡಿ ಅಂತ ಅರ್ಧಕ್ಕೆ ಬಿಡುವವರು ನಮ್ಮಲ್ಲಿ ತುಂಬ ಜನ ಇದ್ದಾರಲ್ಲ, ಅವರು ಎಬಿಸಿ ಐಡಿ ಮಾಡಿಟ್ಕೊಳ್ಳಿ.

2024-25ರಿಂದ ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಡಿಗ್ರಿ ಬಿಟ್ಟು ವಾಪಸ್ ಮೂರು ವರ್ಷದ ಡಿಗ್ರಿಗೇ ಬಂದಿದೆ, ಹಾಗಾಗಿ ಹೊಸ ಬ್ಯಾಚಿನವರು ಸೀನಿಯರ್ಸ್ ಮಾತು ಕೇಳಿ ಸುಮ್ನಾಗ್ಬೇಡಿ, ತಮ್ಮ ಸ್ಕೀಮಿನ ಕಾಪಿ ತಗೊಂಡೇ ಓದಿ.

ನನ್ನ ರೇಟಿಂಗ್: ಪಾಲಿಸಿಗೆ 4.5, ನಮ್ಮ ಬಾಟನಿ ಕ್ಲಾಸಿಗೆ 5ಕ್ಕೆ 5, ಸೀಟ್ ಹಂಚಿದ ರೀತಿಗೆ 1.5. ಅಡ್ಮಿಶನ್‌ಗೆ ಹೋದಾಗ ಕಳೆದ ವರ್ಷ ನಿಜವಾಗಿ ನಡೆದ ಇಲೆಕ್ಟಿವ್ ಪಟ್ಟಿ ಕೊಡಿ ಅಂತ ಕೇಳಿ, ಪ್ರಾಸ್ಪೆಕ್ಟಸಲ್ಲಿ ಇರುವ ಪಟ್ಟಿ ಅಲ್ಲ. ಸೀಟ್ ಹೇಗೆ ಕೊಡ್ತೀರಿ ಅಂತಲೂ ಕೇಳಿ. ಉತ್ತರ ಸರಿ ಕೊಡದಿದ್ರೆ ಅಲ್ಲೇ ಓದ್ತಿರುವ ಸೆಕೆಂಡ್ ಇಯರ್ ಮಕ್ಕಳನ್ನು ಕ್ಯಾಂಟೀನಲ್ಲಿ ಹಿಡಿದು ಕೇಳಿ, ಅವರು ಇದ್ದದ್ದು ಇದ್ದ ಹಾಗೆ ಹೇಳ್ತಾರೆ.