"ಸಿನಿಮಾದ್ದೇ ಅಚ್ಚು" ಅಂತ ಮಾರುವ ಚಾವಟಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಹಾಲಿವುಡ್ ಸಿನಿಮಾಗಳ ಸಾಹಸಿ ನಾಯಕ ಇಂಡಿಯಾನಾ ಜೋನ್ಸ್‌ನ ವೇಷದ ಸಾಮಾನು ಒಂದೊಂದಾಗಿ ಕೂಡಿಸುತ್ತಿರುವವರಿಗೆ ಈ ಬರಹ. ಟೋಪಿ, ಜಾಕೆಟ್, ಭುಜದ ಚೀಲ ಎಲ್ಲ ಆದಮೇಲೆ ಕೊನೆಗೆ ಉಳಿಯುವುದು ಚಾವಟಿ. ಮೋಸ ಜಾಸ್ತಿ ನಡೆಯುವುದೂ ಅದರಲ್ಲೇ. ಟೋಪಿಯ ಆಕಾರ ಸರಿ ಇಲ್ಲದಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಚಾವಟಿಯಲ್ಲಿ ಮುಖ್ಯವಾದದ್ದೆಲ್ಲ ಹೆಣಿಗೆಯ ಒಳಗಿರುತ್ತದೆ, ಫೋಟೋದಲ್ಲಿ ಅದು ಕಾಣುವುದೇ ಇಲ್ಲ.

ನಾನು ಕೊಂಡಿದ್ದು ನಮ್ಮ ದೇಶದವನೇ ಆದ ಒಬ್ಬ ಆನ್‌ಲೈನ್ ಮಾರಾಟಗಾರನಿಂದ. "10 ಅಡಿ, 12 ಎಳೆ, ಅಸಲಿ ಕಾಂಗರೂ ಚರ್ಮ, 1981ರ ಸಿನಿಮಾದ್ದೇ ಅಚ್ಚು" ಅಂತ ಹಾಕಿದ್ದ. ಬೆಲೆ 32,000 ರೂಪಾಯಿ, ಅರ್ಧ ಮೊದಲೇ, ಉಳಿದರ್ಧ ಕಳಿಸುವ ಮುಂಚೆ. ಬಂದಿದ್ದರಲ್ಲಿ ಆ ನಾಲ್ಕು ಮಾತಿನ ಒಂದೂ ನಿಜವಾಗಿರಲಿಲ್ಲ.

ಅಸಲಿ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ, ಹೋಲಿಸಿ ನೋಡಲು ಬೇಕಾಗುತ್ತದೆ. ಇಂಡಿಯಾನಾ ಜೋನ್ಸ್‌ನ ಮೊದಲ ಸಿನಿಮಾ, 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ಗೂ ಆಮೇಲೆ 1984 ಮತ್ತು 1989ರಲ್ಲಿ ಬಂದ ಸಿನಿಮಾಗಳಿಗೂ ಚಾವಟಿ ಮಾಡಿಕೊಟ್ಟವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೇವಿಡ್ ಮಾರ್ಗನ್. ಚರ್ಮ ಕಾಂಗರೂದು. ಮೇಲಿನ ಹೆಣಿಗೆ 12 ಎಳೆ. ಹಿಡಿ ಸುಮಾರು 8 ಇಂಚು, ಅದರ ಬುಡದಲ್ಲೊಂದು, ಹಿಡಿ ಮುಗಿಯುವಲ್ಲಿ ಇನ್ನೊಂದು ಹೆಣೆದ ಗುಂಡು ಗಂಟು, ಬುಡದ ಗಂಟಿನಿಂದ ಹೊರಟ ಒಂದು ಕೈಬಾರು. ಉದ್ದ ಮಾತ್ರ ಒಂದೇ ಇರಲಿಲ್ಲ. ಯಾವ ಶಾಟ್‌ಗೆ ಎಷ್ಟು ಬೇಕೋ ಅಷ್ಟು ಅಂತ 6 ಅಡಿಯಿಂದ 16 ಅಡಿವರೆಗಿನವು ಬಳಕೆಯಾಗಿವೆ, ಮೊದಲ ಸಿನಿಮಾದ ಸಂಗ್ರಹ ಮಾಡುವವರು ಸಾಮಾನ್ಯವಾಗಿ ಹುಡುಕುವುದು 10 ಅಡಿಯದನ್ನು. ಹಾಗಾಗಿ ಯಾರಾದರೂ "ಸಿನಿಮಾದ್ದೇ" ಅಂದರೆ ಯಾವ ಸಿನಿಮಾ, ಎಷ್ಟು ಉದ್ದ ಅಂತ ತಿರುಗಿ ಕೇಳಿ. ನನಗೆ ಮಾರಿದವನಿಗೆ ಆಮೇಲೆ ಈ ಪ್ರಶ್ನೆ ಹಾಕಿದಾಗ ಉತ್ತರ ಗೊತ್ತಿರಲಿಲ್ಲ.

ಈಗ ಉದ್ದದ ಮೋಸ. ಚಾವಟಿಯನ್ನು ಅಳೆಯುವುದು ಹಿಡಿಯ ಬುಡದಿಂದ ಹೆಣಿಗೆ ಮುಗಿಯುವ ತನಕ. ಅದರ ಮುಂದೆ ಕಟ್ಟುವ ಒಂಟಿ ಬಾರಿಗೆ ಫಾಲ್ ಅನ್ನುತ್ತಾರೆ, ಫಾಲ್‌ನ ತುದಿಯಲ್ಲಿರುವ ನೂಲಿನ ಕುಚ್ಚಿಗೆ ಕ್ರ್ಯಾಕರ್. ಇವೆರಡೂ ಲೆಕ್ಕಕ್ಕಿಲ್ಲ. ನನಗೆ ಬಂದದ್ದರಲ್ಲಿ ಎರಡನ್ನೂ ಸೇರಿಸಿ 10 ಅಡಿ ಮಾಡಿದ್ದರು. ಹೆಣಿಗೆ ಅಳೆದರೆ ಏಳೂವರೆ ಅಡಿಯೂ ಇಲ್ಲ. ಸೊಂಟಕ್ಕೆ ಸುತ್ತಿ ಹಾಕಿದರೆ ಸುರುಳಿ ಎಷ್ಟು ತೆಳ್ಳಗೆ ಕಾಣುತ್ತದೆ ಅಂದರೆ ಸಿನಿಮಾ ಎರಡು ಸಲ ನೋಡಿದವರೂ ಇದು ಅಲ್ಲ ಅಂತ ಹೇಳಿಬಿಡುತ್ತಾರೆ.

ಚರ್ಮದ ವಿಷಯ ಇನ್ನೂ ಬೇಸರದ್ದು. ಕಾಂಗರೂ ಚರ್ಮ ತೆಳ್ಳಗಿದ್ದೂ ತುಂಬ ಗಟ್ಟಿ, ಅದಕ್ಕೇ ಅದನ್ನು ಸಪೂರ ಎಳೆಗಳಾಗಿ ಕತ್ತರಿಸಿ ಬಿಗಿಯಾಗಿ ಎಳೆದು ಹೆಣೆಯಬಹುದು. ಉದ್ದ ಎಳೆ ಬೇಕು ಅಂತ ತೊಗಲನ್ನು ಸುತ್ತು ಸುತ್ತಾಗಿ ಕತ್ತರಿಸುತ್ತಾ ಹೋಗುತ್ತಾರೆ. ಒಂದು ಉದ್ದದ ಚಾವಟಿಗೆ ಒಂದು ತೊಗಲು ಸಾಲುವುದಿಲ್ಲ. ಒಳ್ಳೆಯ ಕೆಲಸಗಾರರು ಹಲವು ನೂರು ಡಾಲರ್ ಕೇಳುವುದು ಸುಮ್ನೆ ಅಲ್ಲ. ನನ್ನದರ ಎಳೆಗಳು ದಪ್ಪ, ಅಂಚು ಒರಟು, ಮಧ್ಯೆ ಮಧ್ಯೆ ಬೆಳಕು ಕಾಣುವಷ್ಟು ಸಂದು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದೆ, ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಬಣ್ಣ ಹೋದ ಜಾಗದಲ್ಲಿ ಕಂಡದ್ದು ದನದ ಚರ್ಮದ ಒಳಪದರ, ಅದರ ಮೇಲೆ ರೆಕ್ಸಿನ್ ಥರದ ಲೇಪ. ಎಳೆ ಎಣಿಸಿದರೆ ಎಂಟು. ಹಿಡಿಯ ಹತ್ತಿರವೂ ಎಂಟು, ತುದಿಯಲ್ಲೂ ಎಂಟು. ಚೆನ್ನಾಗಿ ಮಾಡಿದ ಚಾವಟಿಯಲ್ಲಿ ತುದಿಗೆ ಹೋದ ಹಾಗೆ ಎಳೆಗಳನ್ನು ಕಡಿಮೆ ಮಾಡುತ್ತಾ ಬರುತ್ತಾರೆ, ಅದು ಸಣ್ಣಗಾಗುವುದೇ ಹಾಗೆ.

ಇಷ್ಟಾದರೂ ಗೋಡೆಗೆ ತೂಗುಹಾಕಿ ಸುಮ್ಮನಿರಬಹುದಿತ್ತು ಅಂತ ಕೆಲವರು ಹೇಳಬಹುದು. ಆದರೆ ಇದು ಅಪಾಯದ ವಸ್ತು ಕೂಡ. ಮನೆ ಹತ್ತಿರದ ಖಾಲಿ ಮೈದಾನದಲ್ಲಿ ಬೀಸಿ ನೋಡುವಾಗ ಹಿಡಿ ಮುಗಿಯುವಲ್ಲಿ ಲಟಕ್ಕನೆ ಮುರಿಯಿತು. ಒಳಗಿದ್ದ ಮರದ ಕಡ್ಡಿಯ ಚೂರು ಚರ್ಮ ಸೀಳಿಕೊಂಡು ಹೊರಬಂದು ಅಂಗೈ ಕೊಯ್ದಿತು. ಬಿಚ್ಚಿ ನೋಡಿದರೆ ಒಳಗೆ ನೈಲಾನ್ ಹಗ್ಗ, ಅದರ ಸುತ್ತ ರಟ್ಟಿನ ಪಟ್ಟಿ, ಅಷ್ಟೇ. ಅಸಲಿಯಲ್ಲಿ ಹಿಡಿಯೊಳಗೆ ಉಕ್ಕಿನ ಸರಳು ಇರುತ್ತದೆ. ಅದರ ಮುಂದಕ್ಕೆ ಚರ್ಮದ ತಿರುಳು, ತಿರುಳಿನ ಮೇಲೆ ಚರ್ಮದ್ದೇ ಒಂದು ಹೆಣಿಗೆ, ಅದರ ಮೇಲೆ ಚರ್ಮದ ಹೊದಿಕೆ, ಮತ್ತೆ ಹೆಣಿಗೆ, ಹೀಗೆ ಪದರ ಪದರವಾಗಿ ಕಟ್ಟಿ ಕೊನೆಗೆ ಹೊರಗಿನ 12 ಎಳೆ. ಇದು ಅಂದಕ್ಕೆ ಮಾಡಿದ್ದಲ್ಲ. ಬೀಸಿದಾಗ ಒಂದು ಸುರುಳಿ ಹಿಡಿಯಿಂದ ತುದಿಗೆ ಓಡುತ್ತದೆ, ಚಾವಟಿ ಸಣ್ಣಗಾಗುತ್ತಾ ಹಗುರಾಗುತ್ತಾ ಹೋದ ಹಾಗೆ ಅದರ ವೇಗ ಏರುತ್ತಾ ಹೋಗಿ ಕೊನೆಗೆ ಶಬ್ದದ ವೇಗವನ್ನೇ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್ ಅನ್ನು ದಾಟುತ್ತದೆ. ನಾವು ಕೇಳುವ ಆ 'ಚಟಾರ್' ಅದರದ್ದೇ. ಒಳಗೆ ಒಂದೇ ದಪ್ಪದ ಹಗ್ಗ ಇದ್ದರೆ ಸುರುಳಿ ಅರ್ಧದಲ್ಲೇ ಸತ್ತುಹೋಗುತ್ತದೆ, ಜೋರು ಹಾಕಿದಷ್ಟೂ ಭಾರ ಹಿಡಿ ಮುಗಿಯುವ ಜಾಗದ ಮೇಲೆ ಬೀಳುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ, ಹತ್ತಿರ ಮಕ್ಕಳನ್ನು ನಿಲ್ಲಿಸಿಕೊಂಡು ಯಾವ ಚಾವಟಿಯನ್ನೂ ಬೀಸಬೇಡಿ, ದಯವಿಟ್ಟು.

ಮಾರಿದವನಿಗೆ ಫೋಟೋ ಕಳಿಸಿದೆ. "ಇದು ಶೋಪೀಸ್ ಸರ್, ಬೀಸೋಕಲ್ಲ" ಅಂದ. ಜಾಹೀರಾತಿನಲ್ಲಿ ಆ ಮಾತೇ ಇರಲಿಲ್ಲ ಅಲ್ವಾ ಅಂದರೆ, ಆರ್ಡರ್ ಮೇಲೆ ಮಾಡಿದ್ದು, ವಾಪಸ್ ಇಲ್ಲ ಅಂದ. ಆಮೇಲೆ ಗೊತ್ತಾದದ್ದು, ಅವನು ಹಾಕಿದ್ದ ಫೋಟೋಗಳೂ ಅವನವಲ್ಲ, ಹೊರದೇಶದ ಒಬ್ಬ ಕೆಲಸಗಾರರದ್ದು. ಫೋಟೋ ಇಟ್ಟುಕೊಂಡು ಹುಡುಕಿದರೆ ಮೂಲ ತಾಣ ಸಿಗುತ್ತದೆ, ಕೊಳ್ಳುವ ಮುಂಚೆ ಇದೊಂದನ್ನು ಮಾಡಿ.

ಜೊತೆಗೆ ಒಳಗಿನ ಹೆಣಿಗೆಯ ಫೋಟೋ ಕೇಳಿ. ನಿಜವಾಗಿ ಹೆಣೆಯುವವರು ಖುಷಿಯಿಂದ ಕಳಿಸುತ್ತಾರೆ, ಅದು ಅವರಿಗೆ ಹೆಮ್ಮೆಯ ಕೆಲಸ. ಹಿಡಿಯೊಳಗೆ ಏನಿದೆ, ಫಾಲ್ ಬಿಟ್ಟು ಉದ್ದ ಎಷ್ಟು, ತುದಿಯಲ್ಲಿ ಎಷ್ಟು ಎಳೆ ಉಳಿಯುತ್ತದೆ, ಇದೆಲ್ಲ ಬರಹದಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಇನ್ನೊಂದು ನೆನಪಿಡಿ, ಅಲ್ಲಿ ಕಾಂಗರೂ ಚರ್ಮದ ಸರಕು ಮಾರುವುದಕ್ಕೆ ಕಾನೂನಿನ ತಡೆ ಇದೆ, ಅಲ್ಲೇ ಯಾರಾದರೂ ಕಾಂಗರೂ ಚಾವಟಿ ಮಾರುತ್ತೇನೆ ಅಂದರೆ ಎರಡು ಸಲ ಯೋಚಿಸಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ, ಮುರಿದ ಹಿಡಿಯ ಫೋಟೋ ಎಲ್ಲ ಜೋಡಿಸಿ ಇಟ್ಟಿದ್ದೇನೆ, ಅವನು ಜಾಹೀರಾತನ್ನು ಅಷ್ಟರಲ್ಲೇ ತೆಗೆದುಹಾಕಿದ್ದ. ಇದೇ ಥರ ಮೋಸ ಹೋದವರಿದ್ದರೆ ಸುಮ್ಮನಿರಬೇಡಿ, ನೀವೂ ದೂರು ಕೊಡಿ.