ಮಗಳ ರೋಯಿಂಗ್‌ಗೆ ತಂದ ಕಾನ್ಸೆಪ್ಟ್2 ರೋಅರ್ಗ್: ಎಂಟು ತಿಂಗಳ ನಂತರ

ಮಗಳಿಗೆ 15. ರೋಯಿಂಗ್ ರೇಸಿಗೆ ತಯಾರಾಗುತ್ತಿದ್ದಾಳೆ, ಅದಕ್ಕೇ ದೋಣಿಗೆ ಹುಟ್ಟು ಹಾಕುವಂತೆ ಕೂತಲ್ಲೇ ಹಿಡಿ ಎಳೆಯುವ ಈ ಮೆಷಿನ್ ಮನೆಗೆ ಬಂತು. ನನಗೆ ತುಂಬಾ ಹಿಡಿಸಿದ್ದು ಪಿಎಂ5 ಮಾನಿಟರ್. 500 ಮೀಟರಿಗೆ ಎಷ್ಟು ಸಮಯ, ನಿಮಿಷಕ್ಕೆ ಎಷ್ಟು ಸ್ಟ್ರೋಕ್, ಎಲ್ಲ ಕಣ್ಣೆದುರೇ ಇರುತ್ತದೆ, ಸುಮ್ನೆ ಎಳೆದಂತೆ ನಟಿಸಿದರೆ ಸಿಕ್ಕಿಬೀಳುತ್ತಾರೆ.

1ರಿಂದ 10ರವರೆಗಿನ ಡ್ಯಾಂಪರ್ ಬಗ್ಗೆ ಮಾತ್ರ ಹುಷಾರು. ಅದು ಭಾರ ಏರಿಸುವ ಗುಂಡಿ ಅಲ್ಲ, ಫ್ಲೈವೀಲ್ (ಎಳೆದಾಗ ತಿರುಗುವ ಚಕ್ರ) ಇರುವ ಗೂಡಿಗೆ ಎಷ್ಟು ಗಾಳಿ ನುಗ್ಗಬೇಕು ಅಂತ ಹೇಳುವ ಕಿಂಡಿ ಅಷ್ಟೆ. ಮೊದಲು ಹೋಗುತ್ತಿದ್ದ ಜಿಮ್ಮೊಂದರಲ್ಲಿ ಸೀದಾ 10ಕ್ಕಿಟ್ಟು ಎಳೆಸಿದ್ದರು, ವಾರಪೂರ್ತಿ ಸೊಂಟ ಹಿಡಿದುಕೊಂಡಿತ್ತು ಪಾಪ. ಈಗ 3, 4ರಲ್ಲೇ. ಮೊದಲು ಕಾಲು ತಳ್ಳಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ಈ ಕ್ರಮ ಮೈಗೆ ಕೂರದೆ ಜೋರು ಮಾಡಿ ಏನು ಪ್ರಯೋಜನ, ಅಲ್ವಾ?

ಇದೊಂದರಿಂದಲೇ ಬಲ ಬರುತ್ತದೆ ಅಂದುಕೊಳ್ಳಬೇಡಿ. ವಾರಕ್ಕೆ 2 ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಪ್ಲ್ಯಾಂಕ್ ಬೇರೆ ಇದೆ, ಕಡಿಮೆ ಭಾರದಲ್ಲಿ, ಕೋಚ್ ಎದುರಿಗಿದ್ದಾಗ ಮಾತ್ರ.

ಗಾಳಿಯ ಮೆಷಿನ್ ಅಂದಮೇಲೆ ಸದ್ದು ಇದ್ದೇ ಇರುತ್ತದೆ. ಎರಡು ಭಾಗ ಮಾಡಿ ಮೂಲೆಯಲ್ಲಿ ಇಡಬಹುದು. ಬೆಲೆ ಜಾಸ್ತಿನೇ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಚೈನಿಗೆ ಎಣ್ಣೆ ಹಾಕುತ್ತಿದ್ದರಾ ಅಂತ ಮೊದಲು ನೋಡಿ.