ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಕತ್ತಲೆ: ಮಲ್ಟಿಮೀಟರ್ ಮತ್ತು ಟೆಸ್ಟ್ ಲ್ಯಾಂಪ್, ಎಲ್‌ಇಡಿ ಮತ್ತು ಹಳೆಯ ಬಲ್ಬ್

ಜುಲೈ ತಿಂಗಳ ಒಂದು ರಾತ್ರಿ ಮಾಟುಂಗದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ ನೋಡಿಕೊಂಡು ಡೊಂಬಿವಲಿಗೆ ಹಿಂದಿರುಗುತ್ತಿದ್ದೆವು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ಕಾರಿನ ಡ್ಯಾಶ್‌ಬೋರ್ಡ್ ಕತ್ತಲಾಯಿತು. ಹೆಡ್‌ಲೈಟ್ ಉರಿಯುತ್ತಿತ್ತು, ವೈಪರ್ ಓಡುತ್ತಿತ್ತು, ಆದರೆ ವೇಗದ ಮುಳ್ಳು ಕಾಣಬೇಕಾದರೆ ಬೀದಿದೀಪದ ಕೆಳಗೇ ಹಾದುಹೋಗಬೇಕು. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಠಾಣೆಯವರೆಗೂ ಓದಿ ಹೇಳಿದಳು: "ನಲವತ್ತೆರಡು, ನಲವತ್ತೈದು, ನಿಧಾನ." ಕೊನೆಯದು ಮೀಟರಿನಲ್ಲಿ ಬರೆದಿರಲಿಲ್ಲ.

ಕಾರು 1999ರದ್ದು, ಕಾರ್ಬ್ಯುರೇಟರ್ ಇರುವ ಸಣ್ಣ ಗಾಡಿ. ಹದಿನೈದು ವರ್ಷದ ನೋಂದಣಿ ಎಂದೋ ಮುಗಿದು, ಈಗ ಐದೈದು ವರ್ಷಕ್ಕೊಮ್ಮೆ ನವೀಕರಣವಾಗುತ್ತಿದೆ. ತಯಾರಿಸಿದ ಕಂಪನಿಯ ಮೇಲೆ ನನಗೇನೂ ದೂರಿಲ್ಲ. ಕಡಲಗಾಳಿಯಲ್ಲಿ ಇಪ್ಪತ್ತೈದು ಮಳೆಗಾಲ ನಿಂತ ಯಾವ ಗಾಡಿಯ ತಾಮ್ರವೂ ಹಸಿರಾಗುತ್ತದೆ. ದುರಸ್ತಿಗೆ ನಾನು ಎರಡು ದಾರಿ ಹಿಡಿದೆ, ಮೊದಲನೆಯದು ತಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲು ಮಾಡಿದ ಪರೀಕ್ಷೆಗೆ ಉಪಕರಣವೇ ಬೇಕಾಗಲಿಲ್ಲ. ಪಾರ್ಕಿಂಗ್ ದೀಪ ಹಾಕಿ ಹಿಂದೆ ಹೋಗಿ ನೋಡಿದೆ, ಟೇಲ್ ಲೈಟ್ ಎರಡೂ ಉರಿಯುತ್ತಿದ್ದವು. ಅನೇಕ ಹಳೆಯ ಕಾರುಗಳಂತೆ ನನ್ನದರಲ್ಲಿಯೂ ಟೇಲ್ ಲೈಟಿಗೂ ಡ್ಯಾಶ್‌ಬೋರ್ಡ್ ಬೆಳಕಿಗೂ ಒಂದೇ ಫ್ಯೂಸ್. ಹಿಂದೆ ಬೆಳಕಿದೆ ಎಂದರೆ ಫ್ಯೂಸ್ ಕ್ಷೇಮ. ತೊಂದರೆ ಮುಂದೆಯೇ ಇದೆ: ಬಲ್ಬಿನಲ್ಲಿ, ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯಲ್ಲಿ, ಅಥವಾ ಕರೆಂಟು ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ಅರ್ತ್‌ನಲ್ಲಿ.

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ವೋಲ್ಟೇಜು ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಮುಂಬಯಿಯವರೆಲ್ಲ ಹೋಗುವ ಬೀದಿ ಅದು. ಹೊಸ ಆಯುಧ ಕೈಗೆ ಬಂದವನಿಗೆ ಕಾಣುವುದೆಲ್ಲ ಶತ್ರುವೇ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ಪೀಡೋಮೀಟರ್ ಕೇಬಲ್ ಕಳಚಿ, ಮೀಟರುಗಳೆಲ್ಲ ಕೂತಿರುವ ಪೆಟ್ಟಿಗೆಯನ್ನು, ಅಂದರೆ ಕ್ಲಸ್ಟರನ್ನು, ಹೊರಗೆಳೆದೆ. ನೆಗೆಟಿವ್ ಮತ್ತೆ ಜೋಡಿಸಿ, ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ತೆಗೆದು, ಒಂದು ಹೋಲ್ಡರಿನ ಎರಡು ತುದಿಗೂ ಮೀಟರ್ ಹಿಡಿದೆ. 12.3 ವೋಲ್ಟ್. ಕರೆಂಟು ಬರುತ್ತಿದೆ, ಅಂದಮೇಲೆ ಬಲ್ಬುಗಳೇ ಹೋಗಿರಬೇಕು ಎಂದು ತೀರ್ಮಾನಿಸಿದೆ. ಐದೂ ಬಲ್ಬುಗಳು ಒಂದೇ ರಾತ್ರಿ ಸಾಯುವುದು ಹೇಗೆ ಎಂಬ ಪ್ರಶ್ನೆ ಆ ಕ್ಷಣ ಏಳಲಿಲ್ಲ.

ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಯಿಂದ ಎಲ್‌ಇಡಿಗಳನ್ನು ತಂದು ಎಲ್ಲ ಹೋಲ್ಡರಿಗೂ ಹಾಕಿದೆ. ಎರಡು ಹತ್ತಲಿಲ್ಲ. ಎಲ್‌ಇಡಿಗೆ ದಿಕ್ಕು ಇದೆ, ತೆಗೆದು ತಿರುಗಿಸಿ ಹಾಕಿದರೆ ಹತ್ತುತ್ತದೆ, ಹತ್ತಿತು. ಡ್ಯಾಶ್‌ಬೋರ್ಡ್ ಮದುವೆಮನೆಯಂತೆ ಬೆಳಗಿತು. ಒಂದು ವಾರ ಬಹಳ ಹೆಮ್ಮೆಯಿಂದ ಓಡಾಡಿದೆ.

ಆಮೇಲೆ ವಿಚಿತ್ರಗಳು ಒಂದೊಂದಾಗಿ ಕಾಣತೊಡಗಿದವು. ಹೆಡ್‌ಲೈಟ್ ಹಾಕಿದೊಡನೆ ಪೆಟ್ರೋಲ್ ಮುಳ್ಳು ಜಾಗ ಬದಲಿಸುತ್ತಿತ್ತು. ಇಂಡಿಕೇಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ಬೆಳಕೂ ಅದರ ತಾಳಕ್ಕೆ ಕಣ್ಣು ಮಿಟುಕಿಸುತ್ತಿತ್ತು. ಕೊನೆಗೆ ಕಲ್ಯಾಣ್–ಶಿಲ್ ರಸ್ತೆಯ ಬದಿಯಲ್ಲಿ ಕೂರುವ ಆಟೊ ಎಲೆಕ್ಟ್ರಿಕಲ್ ಮಿಸ್ತ್ರಿಯ ಬಳಿಗೆ ಹೋದೆ. ಅವರು ಕಲಬುರಗಿ ಕಡೆಯವರು, ಕೆಲಸ ಕಲಿತದ್ದು ಪದ್ಮಿನಿ ಟ್ಯಾಕ್ಸಿಗಳ ಹೊಟ್ಟೆಯೊಳಗೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಅವರ ಟೆಸ್ಟ್ ಲ್ಯಾಂಪ್ ಮಾತ್ರ ಅಂದಿನದೇ: 5 ವ್ಯಾಟಿನ ಬಲ್ಬು, ಎರಡು ತುಂಡು ವೈರು, ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಮಸೆದ ಸೈಕಲ್ ಕಡ್ಡಿ.

ಅವರು ಒಂದು ಎಲ್‌ಇಡಿ ಕಿತ್ತು ಅದೇ ಹೋಲ್ಡರಿಗೆ ಟೆಸ್ಟ್ ಲ್ಯಾಂಪ್ ಹಿಡಿದರು. ನನ್ನ ಮೀಟರ್ 12.3 ಎಂದಿದ್ದ ಜಾಗದಲ್ಲಿ ಆ ಬಲ್ಬು ಊದುಬತ್ತಿಯ ತುದಿಯಷ್ಟು ಕೆಂಪಾಯಿತು, ಅಷ್ಟೆ. ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿ ಕಡ್ಡಿಯನ್ನು ಪಾಸಿಟಿವ್ ಬದಿಗೆ ಮಾತ್ರ ಮುಟ್ಟಿಸಿದರು. ಪೂರ್ತಿ ಬೆಳಕು. "ಸಾಹೇಬರೇ, ಬರುವ ದಾರಿ ಚೆನ್ನಾಗಿದೆ, ಹೋಗುವ ದಾರಿ ಮುಚ್ಚಿದೆ" ಎಂದರು. ಎರಡು ನಿಮಿಷವೂ ಆಗಿರಲಿಲ್ಲ.

ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸಾಮಾನ್ಯವಾಗಿ 10 ಮೆಗಾಓಮ್‌ನಷ್ಟಿರುತ್ತದೆ. ಅದು ತಂತಿಯಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ನಡುವೆ ತುಕ್ಕು ಹಿಡಿದು ಇಪ್ಪತ್ತು ಓಮ್ ರೋಧ ಕೂತಿದ್ದರೂ ಮೀಟರಿಗೆ ಅದು ಗೊತ್ತಾಗುವುದಿಲ್ಲ. ನಲ್ಲಿ ಮುಚ್ಚಿಟ್ಟು ನೀರಿನ ಒತ್ತಡ ಅಳೆದಂತೆ ಅದು. ಪೈಪಿನಲ್ಲಿ ಕಸ ಕಟ್ಟಿದೆ ಎಂದು ತಿಳಿಯಬೇಕಾದರೆ ನಲ್ಲಿ ಬಿಡಲೇಬೇಕು. ಟೆಸ್ಟ್ ಲ್ಯಾಂಪ್ ನಲ್ಲಿ ಬಿಡುತ್ತದೆ.

ನನ್ನ ಎಲ್‌ಇಡಿಗಳು ಮಾಡಿದ ಮೋಸವೂ ಇದೇ ಜಾತಿಯದು. 1.2 ವ್ಯಾಟಿನ ಹಳೆಯ ಬಲ್ಬು 100 ಮಿಲಿಆಂಪ್ ಕೇಳುತ್ತದೆ, ಐದಕ್ಕೆ ಅರ್ಧ ಆಂಪ್. ಸಣ್ಣ ಎಲ್‌ಇಡಿಗೆ 20 ಮಿಲಿಆಂಪ್‌ನಷ್ಟು ಸಾಕು. ಅಷ್ಟು ಕಡಿಮೆ ಕರೆಂಟು ತುಕ್ಕಿನ ನಡುವೆಯೂ ನುಸುಳಿತು, ಬೆಳಕು ಬಂತು, ರೋಗ ಹಾಗೆಯೇ ಉಳಿಯಿತು. ಹಳೆಯ ಬಲ್ಬುಗಳನ್ನು ಪುಣ್ಯಕ್ಕೆ ಎಸೆದಿರಲಿಲ್ಲ. ಮನೆಯಲ್ಲಿ ಬ್ಯಾಟರಿಗೆ ಹಿಡಿದು ನೋಡಿದರೆ ಐದೂ ಚೆನ್ನಾಗಿದ್ದವು.

ಹಾಗೆಂದು ಮಲ್ಟಿಮೀಟರನ್ನು ದೂರುವುದು ಅನ್ಯಾಯ. ತಪ್ಪು ನಾನು ಹಿಡಿದ ರೀತಿಯದು. ಹಳೆಯ ಬಲ್ಬುಗಳನ್ನು ಹಾಕಿ, ಪಾರ್ಕಿಂಗ್ ದೀಪ ಉರಿಯುತ್ತಿರುವಾಗಲೇ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪು ಕಡ್ಡಿಯನ್ನು ಕ್ಲಸ್ಟರಿನ ಅರ್ತ್ ತುದಿಗೂ ಇಟ್ಟೆ. 6.8 ವೋಲ್ಟ್ ತೋರಿಸಿತು. ಅಲ್ಲಿ ಇರಬೇಕಾದದ್ದು ಸೊನ್ನೆಗೆ ಹತ್ತಿರ, 0.1 ಅಥವಾ 0.2ರೊಳಗೆ. ಅರ್ಧಕ್ಕಿಂತ ಹೆಚ್ಚು ವೋಲ್ಟೇಜನ್ನು ತುಕ್ಕೇ ತಿಂದುಹಾಕುತ್ತಿತ್ತು. ಈ ಸಂಖ್ಯೆಯನ್ನು ಯಾವ ಟೆಸ್ಟ್ ಲ್ಯಾಂಪೂ ಹೇಳಲಾರದು. ಅರ್ತ್ ವೈರನ್ನು ಹಿಡಿದು ಹೋದರೆ ಎಡಬದಿಯ ಪ್ರಯಾಣಿಕನ ಕಾಲಿನ ಪಕ್ಕದ ಪ್ಲಾಸ್ಟಿಕ್ ಹಲಗೆಯ ಹಿಂದೆ ಬೋಲ್ಟು ಸಿಕ್ಕಿತು. ವಿಂಡ್‌ಶೀಲ್ಡಿನ ರಬ್ಬರಿನಿಂದ ಜಿನುಗಿದ ನೀರು ಇಳಿಯುವ ದಾರಿಯಲ್ಲಿಯೇ ಅದು ಕೂತಿದೆ. ಬೋಲ್ಟಿನ ಮೇಲೆ ಹಸಿರು ಪುಡಿ.

ಇಲ್ಲಿಯೂ ಎರಡು ದಾರಿ ಇದ್ದವು. ಮಿಸ್ತ್ರಿ ಹೇಳಿದ್ದು, ಹೊಸ ವೈರ್ ಎಳೆದು ಬೇರೆ ಕಡೆ ಅರ್ತ್ ಕೊಡೋಣ ಎಂದು. ನಾನು ಹಟ ಹಿಡಿದು ಹಳೆಯ ಬೋಲ್ಟನ್ನೇ ಮರಳು ಕಾಗದದಿಂದ ಉಜ್ಜಿದೆ. 0.3ಕ್ಕೆ ಇಳಿಯಿತು, ಮುಂದಿನ ಮಳೆಗೆ 0.9 ಆಯಿತು. ಅವರ ಮಾತೇ ಸರಿ ಎಂದಾಯಿತು. ನೀರು ಬೀಳದ ಎತ್ತರದಲ್ಲಿ ಬಣ್ಣ ಕೆರೆದು, ಉಂಗುರದ ಟರ್ಮಿನಲ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದ ಮೇಲೆ 0.04ಕ್ಕೆ ನಿಂತಿದೆ. ಎರಡು ತಿಂಗಳಾಯಿತು.

ಹಳೆಯ ಬಲ್ಬೇ ಮೇಲೋ, ಎಲ್‌ಇಡಿಯೋ? ಅರ್ತ್ ಸರಿಯಾದ ಮೇಲೆ ಎರಡನ್ನೂ ಮತ್ತೆ ಹಾಕಿ ನೋಡಿದೆ. ಎಲ್‌ಇಡಿ ಅಷ್ಟಾಗಿ ಬಿಸಿಯಾಗುವುದಿಲ್ಲ, ಬಹುಕಾಲ ಬಾಳುತ್ತದೆ. ಆದರೆ ಅದರ ಬೆಳಕು ಮುಂದಕ್ಕೆ ಮಾತ್ರ ಚಿಮ್ಮುತ್ತದೆ: ವೇಗದ ವೃತ್ತದಲ್ಲಿ 40 ಮತ್ತು 100 ಕಣ್ಣು ಕುಕ್ಕುತ್ತಿದ್ದವು, 70 ಮಸುಕು. ತಿರುಗುಗುಂಡಿಗೂ ಅದು ಬಗ್ಗಲಿಲ್ಲ. ಪೂರ್ತಿ ಬೆಳಕು, ಇಲ್ಲವೇ ನಡುಕ. ಇವೆಲ್ಲ ರುಚಿಯ ಮಾತು, ಸಹಿಸಬಹುದು. ಸಹಿಸಲಾಗದ್ದು ಬ್ಯಾಟರಿ ಚಿಹ್ನೆಯ ದೀಪದಲ್ಲಿ ಆದದ್ದು. ಅಲ್ಲಿಯೂ ಉತ್ಸಾಹದಿಂದ ಎಲ್‌ಇಡಿ ತುರುಕಿದ್ದೆ. ಹಳೆಯ ಕಾರುಗಳಲ್ಲಿ ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಪಕ್ಕದಲ್ಲಿ ರೆಸಿಸ್ಟರ್ ಕೊಟ್ಟಿರದಿದ್ದರೆ ಎಲ್‌ಇಡಿಯ ಚೂರು ಕರೆಂಟು ಸಾಲದು. ಎಂಜಿನ್ ಚಾಲೂ ಆದ ಮೇಲೆ ಬ್ಯಾಟರಿಯಲ್ಲಿ 12.2 ವೋಲ್ಟೇ ಇರುತ್ತಿತ್ತು, ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿದ ಮೇಲೆಯೇ 14.1. ಇದನ್ನು ಹಿಡಿದುಕೊಟ್ಟದ್ದು ಮಲ್ಟಿಮೀಟರ್. ಆ ಜಾಗಕ್ಕೆ ಹಳೆಯ ಬಲ್ಬನ್ನೇ ಹಾಕಿ. ನಾನಂತೂ ಎಲ್ಲ ಜಾಗಕ್ಕೂ ಹಾಕಿದ್ದೇನೆ.

ಫ್ಯೂಸ್ ಮತ್ತೆ ಮತ್ತೆ ಹಾರುವಾಗಲೂ ಈ ಎರಡು ಉಪಕರಣಗಳ ಜಗಳ ನೋಡುವಂತಿತ್ತು. ಕ್ಲಸ್ಟರ್ ಕೂರಿಸುವಾಗ ನಾನೇ ಒಂದು ವೈರನ್ನು ಸ್ಕ್ರೂ ಕೆಳಗೆ ಸಿಕ್ಕಿಸಿದ್ದೆ. 10 ಆಂಪಿನ ಎರಡು ಕೆಂಪು ಫ್ಯೂಸ್ ಹೋದವು. ಮೀಟರನ್ನು ಬೀಪ್ ಮಾಡುವ ಕಡೆ ತಿರುಗಿಸಿ ಹಿಡಿದರೆ ಎಲ್ಲಿ ಮುಟ್ಟಿದರೂ ಬೀಪ್. ತಣ್ಣಗಿರುವ ಬಲ್ಬಿನ ತಂತಿಯ ರೋಧ ಉರಿಯುವಾಗಿನದರ ಹತ್ತನೆಯ ಒಂದು ಭಾಗದಷ್ಟೇ ಇರುವುದರಿಂದ ಸರಿಯಾದ ಬಲ್ಬೂ ಶಾರ್ಟಿನಂತೆ ಕೂಗುತ್ತದೆ. ಈ ಕೂಗು ನಂಬಿ ಹಿಂಬದಿಯ ಸೀಟಿನ ಕೆಳಗಿನ ವೈರಿಂಗಿನ ಟೇಪೆಲ್ಲ ಬಿಚ್ಚಿದ್ದೆ, ಒಂದು ಭಾನುವಾರ ಪೂರ್ತಿ. ಮಿಸ್ತ್ರಿ ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬು ಸಿಕ್ಕಿಸಿದರು. ಶಾರ್ಟ್ ಇದ್ದರೂ ಅದರ ಮೂಲಕ ಎರಡು ಆಂಪ್ ಕೂಡ ಹರಿಯದು, ವೈರ್ ಸುಡದು. ಬಲ್ಬು ಪೂರ್ತಿ ಉರಿಯುತ್ತಿರುವಾಗ ವೈರಿಂಗನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಬಂದರು. ಕ್ಲಸ್ಟರನ್ನು ಎತ್ತಿದೊಡನೆ ಬಲ್ಬು ಮಂಕಾಯಿತು. ಅಲ್ಲೇ ಇತ್ತು.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿರುಚಿ ಟೇಪ್ ಸುತ್ತಿದ್ದು ಸೆಕೆಗೆ ಅಂಟು ಬಿಟ್ಟಿತು. ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪು ಎಳೆಗಳನ್ನೇ ಕತ್ತರಿಸಿತು. ಒತ್ತಿ ಬಿಗಿಯುವ ಟರ್ಮಿನಲ್ಲಿನ ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿದ್ದು ಉಳಿದಿದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಕಂಪ್ಯೂಟರ್ ಇರುವ ಈಚಿನ ಕಾರಿನಲ್ಲಿ, ಅದರಲ್ಲೂ ಹಳದಿ ಬಣ್ಣದ ಏರ್‌ಬ್ಯಾಗ್ ಜೋಡಣೆಗಳ ಹತ್ತಿರ, ಟೆಸ್ಟ್ ಲ್ಯಾಂಪ್ ಒಯ್ಯಬೇಡಿ. ಅದು ಎಳೆಯುವ ಕರೆಂಟೇ ಅಲ್ಲಿ ಅನಾಹುತ ಮಾಡಬಹುದು. ಕಂಪ್ಯೂಟರಿನ ವೈರುಗಳಿಗೆ ಮಲ್ಟಿಮೀಟರಿನ ಹಸಿವಿಲ್ಲದ ಗುಣವೇ ಒಳ್ಳೆಯದು; ಏರ್‌ಬ್ಯಾಗ್ ಜೋಡಣೆಗಳಿಗೆ ಅದನ್ನೂ ಮುಟ್ಟಿಸಬೇಡಿ.

ಮಿಸ್ತ್ರಿ ನನ್ನ ಮೀಟರಿನ ಬೆಲೆ ಕೇಳಿ, ತಮ್ಮ ಕಡ್ಡಿಯನ್ನೊಮ್ಮೆ ನೋಡಿ, ಏನೂ ಹೇಳದೆ ನಕ್ಕರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಒಂದು ಟೆಂಪೊದ ಬ್ಯಾಟರಿ ನೋಡಲು ನನ್ನ ಮೀಟರನ್ನೇ ಅರ್ಧ ಗಂಟೆ ಎರವಲು ಪಡೆದರು. ಹೈಬೀಮಿನ ನೀಲಿ ದೀಪ ಇನ್ನೂ ಹತ್ತುತ್ತಿಲ್ಲ; ಮಳೆ ಬಿಟ್ಟರೆ ಬರುವ ಭಾನುವಾರ ಅದರ ಸರದಿ.